ಗುದ್ದಲಿಗಿಂತ ಮೊದಲು ದಾರ ನೋಡಿ

ಪರವಾನಗಿ ಕೈಗೆ ಬಂದ ದಿನವೇ ಕಾನೂನಿನ ಗೋಜು ಮುಗಿಯಿತೆಂದು ನಕ್ಷೆಯನ್ನು ಬೀರುವಿಗೆ ಸೇರಿಸುವವರು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಗುದ್ದಲಿ ಪೂಜೆಗೆ ಬಂದ ಮೇಸ್ತ್ರಿ ನಾಲ್ಕು ಗೂಟ ಹೊಡೆದು ದಾರ ಎಳೆಯುತ್ತಾನೆ, ಪುರೋಹಿತರು ಮುಹೂರ್ತ ಮೀರುತ್ತದೆಂದು ಅವಸರಿಸುತ್ತಾರೆ, ಮನೆಯವರು ಕಾಯಿ ಒಡೆಯುತ್ತಾರೆ. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಹುಟ್ಟಿದ್ದು ಆ ಅರ್ಧ ಗಂಟೆಯಲ್ಲಿ.

ಮೊದಲ ಹೆಜ್ಜೆ, ದಾಖಲೆ. ಹಳ್ಳಿಯಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣವಾದರೆ ಇ-ಖಾತೆ. ಕೃಷಿ ಜಮೀನನ್ನು ತುಂಡು ಮಾಡಿ ಮಾರಿದ ನಿವೇಶನವಾದರೆ ಭೂ ಪರಿವರ್ತನೆಯ ಆದೇಶ ನೋಡದೆ ಮುಂಗಡ ಕೊಡಬೇಡಿ.

ಎರಡನೆಯದು, ನಕ್ಷೆ ಮತ್ತು ಪರವಾನಗಿ. ಗ್ರಾಮ ಪಂಚಾಯಿತಿಯ ಅಧಿಕಾರ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ, ಪುರಸಭೆ–ನಗರಸಭೆಗಳದ್ದು 1964ರ ಕಾಯ್ದೆಯಿಂದ ಬಂದದ್ದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮಾರ್ಗದರ್ಶಿ. ನಿಮ್ಮನ್ನು ಕಟ್ಟಿಹಾಕುವುದು ಸ್ಥಳೀಯ ಉಪವಿಧಿ. ಆದರೂ ಸಂಹಿತೆಯ ಅಳತೆಗಳು ನೆನಪಿರಲಿ: ವಾಸದ ಕೋಣೆ 9.5 ಚದರ ಮೀಟರ್, ಅಡುಗೆಮನೆ 5 ಚದರ ಮೀಟರ್, ಚಾವಣಿಯ ಎತ್ತರ 2.75 ಮೀಟರ್, ಸುತ್ತಲಿನ ನೆಲಕ್ಕಿಂತ ಪಾಯದ ಮಟ್ಟ 45 ಸೆಂಟಿಮೀಟರ್ ಮೇಲೆ. ಇವು ಕನಿಷ್ಠ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ನಕ್ಷೆಯನ್ನು ಮಾತ್ರ ತರಬೇಡಿ. ನಿಮ್ಮ ನಿವೇಶನದ ಓರೆ ಅದಕ್ಕೆ ತಿಳಿಯದು.

ಆಯ, ಅಂದರೆ ವಾಸ್ತುವಿನ ಅಳತೆ, ನೋಡಿಸುವವರಾದರೆ ನಕ್ಷೆ ಬರೆಸುವ ಮೊದಲೇ ನೋಡಿಸಿ. ಅನುಮೋದನೆಯಾದ ಮೇಲೆ ಆಯಕ್ಕೆಂದು ಆರು ಇಂಚು ಬೆಳೆಸಿದರೆ ಆ ಆರು ಇಂಚು ಬರುವುದು ಗಡಿಯ ಪಕ್ಕ ಖಾಲಿ ಬಿಡಬೇಕಾದ ಜಾಗದಿಂದ, ಅಂದರೆ ಸೆಟ್‌ಬ್ಯಾಕ್‌ನಿಂದಲೇ.

ಇನ್ನು ದಾರ. ಇದಕ್ಕೆ ಪೂಜೆಯ ಹಿಂದಿನ ದಿನ ಬೆಳಿಗ್ಗೆಯೇ ಬನ್ನಿ, ಎಂಜಿನಿಯರನ್ನೂ ಕರೆತನ್ನಿ. ಬಟ್ಟೆಯ ಟೇಪು ಬೇಡ, ಹಳೆಯದಾದಷ್ಟೂ ಹಿಗ್ಗುತ್ತದೆ. 30 ಮೀಟರ್ ಉಕ್ಕಿನ ಟೇಪು ಕೊಳ್ಳಿ ಅಥವಾ ಎರವಲು ತನ್ನಿ.

ಮೊದಲು ಮನೆಯನ್ನಲ್ಲ, ನಿವೇಶನವನ್ನು ಅಳೆಯಿರಿ. ಪತ್ರದಲ್ಲಿ 30x40 ಎಂದಿದ್ದರೂ ನೆಲದಲ್ಲಿ 29 ಅಡಿ 4 ಇಂಚು ಇರಬಹುದು. ಕಡಿಮೆ ಇರುವ ಅಳತೆಯನ್ನೇ ಹಿಡಿಯಿರಿ, ಇಲ್ಲವಾದರೆ ಪಕ್ಕದವರೊಂದಿಗೆ ಜಗಳ ಖಚಿತ. ರಸ್ತೆ ಬದಿಯಲ್ಲಿ ಡಾಂಬರಿನ ಅಂಚಿನಿಂದ ಅಳೆಯುವ ಮೇಸ್ತ್ರಿಗಳಿದ್ದಾರೆ. ಅಳೆಯಬೇಕಾದದ್ದು ನಿಮ್ಮ ಗಡಿಕಲ್ಲಿನಿಂದ.

ನಂತರದ್ದು ಎಲ್ಲರೂ ಎಡವುವ ಜಾಗ. ಮೇಸ್ತ್ರಿ ಕಟ್ಟುವ ದಾರ ಗೋಡೆಯ ನಡುಗೆರೆ, ಹೊರ ಅಂಚಲ್ಲ. ಪಕ್ಕದಲ್ಲಿ 3 ಅಡಿ ಬಿಡಬೇಕೆಂದು ನಕ್ಷೆ ಹೇಳಿದರೆ ದಾರ 3 ಅಡಿಗೆ ಬರಕೂಡದು. 9 ಇಂಚಿನ ಗೋಡೆಯ ಅರ್ಧ ನಾಲ್ಕೂವರೆ ಇಂಚು, ಹೊರಗಿನ ಗಾರೆ ಮುಕ್ಕಾಲು ಇಂಚು; ದಾರ 3 ಅಡಿ 5 ಕಾಲು ಇಂಚಿಗೆ ಬರಬೇಕು. ನನ್ನ ಹತ್ತಿರದ ಬಂಧುವೊಬ್ಬರು ಈ ಲೆಕ್ಕ ತಪ್ಪಿ ಎರಡೂ ಬದಿಯಲ್ಲಿ ಐದೈದು ಇಂಚು ಕಳೆದುಕೊಂಡರು. ಗೋಡೆ ಎದ್ದ ಮೇಲೆ ಯಾರಿಗೆ ಹೇಳುವುದು?

ಮೂಲೆಮಟ್ಟಕ್ಕೆ ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತಿಸಿ. ಓರೆ 10 ಅಡಿ ಬರಬೇಕು. ಬರದಿದ್ದರೆ ಗೂಟ ಕೀಳಿಸಿ, ಮುಲಾಜು ಬೇಡ. ಕೊನೆಗೆ ಮನೆಯ ಎರಡು ಕರ್ಣಗಳನ್ನೂ ಅಳೆಯಿರಿ. ಅರ್ಧ ಇಂಚಿನ ವ್ಯತ್ಯಾಸ ಸಹ್ಯ, ಎರಡು ಇಂಚಿನದಲ್ಲ. ಹೊರಗಿನ ಮೆಟ್ಟಿಲು, ಚಾಚಿದ ಬಾಲ್ಕನಿಗಳ ನೆರಳನ್ನೂ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಬರೆಸಿ. ನಕ್ಷೆಯಲ್ಲಿಲ್ಲದ ಮೆಟ್ಟಿಲು ಸೆಟ್‌ಬ್ಯಾಕ್‌ನೊಳಗೆ ಇಳಿಯುವುದು ಆಗಲೇ ಕಣ್ಣಿಗೆ ಬೀಳುತ್ತದೆ. ಬಿಸಿಲು–ಮಳೆಯ ಛಜ್ಜಾಕ್ಕೆ ರಾಷ್ಟ್ರೀಯ ಸಂಹಿತೆ ಮುಕ್ಕಾಲು ಮೀಟರಿನವರೆಗೆ ಬಿಡುತ್ತದೆ. ಅದನ್ನು ಕೋಣೆಯಾಗಿ ಬೆಳೆಸಲು ಬಿಡುವುದಿಲ್ಲ. ಗಡಿಯ ಕಂಬಗಳ ಬುನಾದಿ ಎಷ್ಟು ಅಗಲವೆಂದೂ ಕೇಳಿ. 4 ಅಡಿಯ ಗುಂಡಿ ಪಕ್ಕದವರ ಜಾಗಕ್ಕೆ ಹೋಗುವುದು ಮಣ್ಣಿನಡಿ ಮುಚ್ಚಿಹೋಗುತ್ತದೆ, ಅವರು ಅಗೆಯುವವರೆಗೆ.

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇನ್ನೊಂದು ದಾರ ಉಂಟು: ದರೆಯದ್ದು, ಅಂದರೆ ಗುಡ್ಡ ಕಡಿದ ಅಂಚಿನದ್ದು. ಜೆಸಿಬಿ ತಂದು ಗುಡ್ಡವನ್ನು ನೇರವಾಗಿ ಕಡಿದು ಅಡುಗೆಮನೆಯ ಗೋಡೆಯನ್ನು ಅದಕ್ಕೆ ಒರಗಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಭಾಗದಲ್ಲಿ ಗುಡ್ಡಗಳು ಜರಿದದ್ದನ್ನು ನೋಡಿಯೂ ಹೀಗೆಯೇ ಕಡಿಯುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ದರೆಯ ನೆತ್ತಿಯಲ್ಲಿ ನೀರು ತಿರುಗಿಸುವ ಚರಂಡಿ ತೋಡಿಸಿ, ತಡೆಗೋಡೆಗೆ ನೀರು ಹೊರಬರುವ ಕಿಂಡಿಗಳನ್ನು ಬಿಡಿಸಿ. ಹಿಂದಿನ ಸೆಟ್‌ಬ್ಯಾಕ್ ಇಲ್ಲಿ ಬೆಳಕಿಗಷ್ಟೇ ಅಲ್ಲ, ಜೀವಕ್ಕೂ.

ಉಳಿದದ್ದು ಸುಲಭ. ಚಾವಣಿ ಕಬ್ಬಿಣಕ್ಕೆ 20 ಮಿಲಿಮೀಟರ್, ಕಂಬಕ್ಕೆ 40, ಬುನಾದಿಗೆ 50 ಮಿಲಿಮೀಟರ್ ಕವರ್, ಅಂದರೆ ಕಬ್ಬಿಣದ ಹೊರಗಿನ ಕಾಂಕ್ರೀಟ್ ಹೊದಿಕೆ, ಇರಲಿ. ಅದಕ್ಕೆ ಜಲ್ಲಿಚೂರು ಇಡುವವರನ್ನು ತಡೆಯಿರಿ. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಿ; ಕಡೂರಿನ ಬಿಸಿಲಿಗೆ ನಾನಂತೂ 14 ದಿನ ಎನ್ನುತ್ತೇನೆ.

ದಾರದ ಫೋಟೊ ತೆಗೆದಿಡಿ, ಟೇಪಿನ ಅಂಕಿ ಕಾಣುವಂತೆ. ನಕ್ಷೆಯಂತೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಣ್ಣ ಮನೆಗಳಿಗೆ ವಿನಾಯಿತಿಯ ಮಾತು ಕೇಳಿದ್ದರೆ ಅದು ನಿಮ್ಮ ನಿವೇಶನಕ್ಕೆ ಅನ್ವಯಿಸುತ್ತದೆಯೇ ಎಂದು ಪಾಯ ತೆಗೆಯುವ ಮುನ್ನವೇ ವಿದ್ಯುತ್ ಕಂಪನಿ ಮೆಸ್ಕಾಂನ ಕಚೇರಿಯಲ್ಲಿ ವಿಚಾರಿಸಿ; ಗೃಹಪ್ರವೇಶದ ಹಿಂದಿನ ವಾರ ಅಲ್ಲ.