ಬೈಬಲ್ ಹೆಸರುಗಳ ಅರ್ಥ ನಾನು ಹುಡುಕುವ ರೀತಿ

ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ದೀಕ್ಷಾಸ್ನಾನ ಇದ್ದರೆ ನನಗೊಂದು ಫೋನ್ ಖಂಡಿತ. ‘ಈ ಹೆಸರಿನ ಅರ್ಥ ಸ್ವಲ್ಪ ನೋಡಿ ಹೇಳಿ.’ ಇಂಟರ್‌ನೆಟ್‌ನಲ್ಲಿ ಸಿಗುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಅಲ್ಲಿ ಯಾವ ಹೆಸರಿಗೂ ಕೆಟ್ಟ ಅರ್ಥವೇ ಇರುವುದಿಲ್ಲ! ಅದಕ್ಕೇ ಬೈಬಲ್‌ನ ಹಳೇ ಒಡಂಬಡಿಕೆಯ ಮೂಲ ಭಾಷೆಯಾದ ಹೀಬ್ರೂವಿನ ಅಕ್ಷರ ಕಲಿತೆ. ಇರುವುದು 22 ಅಕ್ಷರ, ಬಲದಿಂದ ಎಡಕ್ಕೆ ಓದಬೇಕು. ಭಾಷೆ ಪೂರ್ತಿ ಬರಬೇಕಿಲ್ಲ. 1890ರಲ್ಲಿ ಬಂದ ಜೇಮ್ಸ್ ಸ್ಟ್ರಾಂಗ್ ಅವರ ಬೈಬಲ್ ಪದಸೂಚಿಯಲ್ಲಿ ಪ್ರತಿ ಹೀಬ್ರೂ ಪದಕ್ಕೂ ಒಂದು ನಂಬರ್ ಇದೆ. ಅದನ್ನು ಹಿಡಿದು ಹೋದರೆ ಮೂಲ ಪದ ಸಿಗುತ್ತದೆ.

ಶುರು ಮಾಡುವುದು ಕನ್ನಡ ಬೈಬಲ್‌ನಿಂದ. ಜಾನ್, ಜೇಕಬ್, ಜೋಸೆಫ್ ಅಂದರೆ ಹೀಬ್ರೂ ದೂರವಾಗಿಬಿಡುತ್ತದೆ. ನಮ್ಮ ಯೋಹಾನ, ಯಾಕೋಬ, ಯೋಸೇಫ ಮೂಲಕ್ಕೆ ಹತ್ತಿರ.

ಮೊದಲು ಹೆಸರಿನ ತಲೆ, ಬಾಲ ನೋಡುತ್ತೇನೆ. ‘ಏಲ್’ ಅಂದರೆ ದೇವರು. ದಾನಿಯೇಲ ಎಂದರೆ ‘ದೇವರು ನನ್ನ ನ್ಯಾಯಾಧಿಪತಿ’. ಮೀಕಾಯೇಲ ಒಂದು ಪ್ರಶ್ನೆ: ‘ದೇವರಂಥವರು ಯಾರು?’ ‘ಯೋ’, ‘ಯಾಹ್’ ಬಂದರೆ ಅದು ಯೆಹೋವ, ಅಂದರೆ ಬೈಬಲ್‌ನಲ್ಲಿ ದೇವರ ಹೆಸರು. ಎಲೀಯ, ಯೋವೇಲ ಎರಡರಲ್ಲೂ ಇರುವುದು ಇವೇ ತುಂಡುಗಳು, ಹಿಂದುಮುಂದಾಗಿವೆ ಅಷ್ಟೇ. ಆದರೆ ಕಿವಿಯನ್ನು ನಂಬಿ ಕೂರಬಾರದು. ರಾಹೇಲ ಕೂಡ ‘ಏಲ’ ಎಂದೇ ಮುಗಿಯುತ್ತದಲ್ವಾ? ಹೀಬ್ರೂನಲ್ಲಿ ಬರೆದು ನೋಡಿ, ‘ಏಲ್’ಗೆ ಬೇಕಾದ ಆಲೆಫ್ ಅಕ್ಷರವೇ ಅಲ್ಲಿಲ್ಲ. ರಾಹೇಲ ಎಂದರೆ ಹೆಣ್ಣುಕುರಿ.

ಆಮೇಲೆ ಹುಟ್ಟಿದ ಕಥೆ ಓದುತ್ತೇನೆ. ನನಗೆ ಜಾಸ್ತಿ ಇಷ್ಟದ ಕೆಲಸ ಇದು. ಬೈಬಲ್‌ನ ಒಂದನೇ ಸಮುವೇಲ ಪುಸ್ತಕದ 1:20ರಲ್ಲಿ ಹನ್ನ ಮಗನಿಗೆ ಸಮುವೇಲ ಎಂದು ಹೆಸರಿಡುತ್ತಾಳೆ. ಕಾರಣ, ಅವನನ್ನು ಯೆಹೋವನಿಂದ ಕೇಳಿ ಪಡೆದಳಂತೆ. ‘ಕೇಳು’, ಅಂದರೆ ಬೇಡು, ಎಂಬುದಕ್ಕೆ ಅಲ್ಲಿರುವ ಕ್ರಿಯಾಪದ ‘ಶಾಅಲ್’. ಅದರಿಂದ ಹುಟ್ಟುವ ಹೆಸರು ಶಾಊಲ್, ಅಂದರೆ ನಮ್ಮ ಸೌಲ! ಮುಂದೆ ಇದೇ ಸಮುವೇಲನ ಕೈಯಿಂದ ಅಭಿಷೇಕವಾಗಿ ರಾಜನಾಗುವವನು. ಹೆಸರು ಒಬ್ಬನದು, ವಿವರಣೆ ಇನ್ನೊಬ್ಬನಿಗೆ ಒಪ್ಪುವಂಥದ್ದು. ಇದನ್ನು ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ಸಮುವೇಲನ ಹೀಬ್ರೂ ರೂಪ ಶ್ಮುಏಲ್; ಆ ಅಕ್ಷರಗಳನ್ನೇ ಬಿಡಿಸಿದರೆ ‘ದೇವರ ಹೆಸರು’ ಅನ್ನುವುದು ಹತ್ತಿರ. ಹಾಗಾಗಿ ಕಥೆ ಕೊಡುವ ಅರ್ಥ, ಅಕ್ಷರ ಕೊಡುವ ಅರ್ಥ, ಎರಡನ್ನೂ ಬೇರೆ ಬೇರೆ ಬರೆದುಕೊಡುತ್ತೇನೆ.

ಮೋಶೆಯದೂ ಹಾಗೇ. ಕಥೆಯಲ್ಲಿ ‘ನೀರಿನಿಂದ ಎಳೆಯಲ್ಪಟ್ಟವನು’. ಆದರೆ ಹೆಸರಿಟ್ಟವಳು ಈಜಿಪ್ಟಿನ ರಾಜ ಫರೋಹನ ಮಗಳು. ಈಜಿಪ್ಟಿನ ರಾಮ್ಸೆಸ್, ಥುತ್‌ಮೋಸ್ ಹೆಸರುಗಳಲ್ಲಿರುವ ‘ಹುಟ್ಟಿದವನು’ ಎಂಬ ಪದವೇ ಇದರ ಮೂಲ ಎಂದು ಎಷ್ಟೋ ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಮರಿಯ ಕೇಳಿದರೆ ‘ಅರ್ಥ ಇನ್ನೂ ತೀರ್ಮಾನ ಆಗಿಲ್ಲ’ ಎಂದು ಹೇಳಿಬಿಡುತ್ತೇನೆ. ತೋಮ ಹೀಬ್ರೂಗೆ ಹತ್ತಿರದ ಅರಾಮಿಕ್ ಭಾಷೆಯ ಹೆಸರು, ‘ಅವಳಿ’ ಎಂದು. ಫಿಲಿಪ್ಪ, ಅಂದ್ರೆಯ ಗ್ರೀಕ್. ಬೈಬಲ್‌ನಲ್ಲಿದ್ದ ಮಾತ್ರಕ್ಕೆ ಹೀಬ್ರೂ ಆಗಬೇಕಿಲ್ಲ.

ಕಷ್ಟ ಬರುವುದು ಕಾಲೇಬನ ಹತ್ತಿರ. ಹೀಬ್ರೂನಲ್ಲಿ ‘ಕೆಲೆವ್’ ಅಂದರೆ ನಾಯಿ, ಅಕ್ಷರಗಳೂ ಅವೇ ಮೂರು. ‘ಪೂರ್ಣ ಹೃದಯದವನು’ ಎಂದು ಬಿಡಿಸುವವರಿದ್ದಾರೆ, ದೇವರನ್ನು ಪೂರ್ಣ ಮನಸ್ಸಿನಿಂದ ಹಿಂಬಾಲಿಸಿದವನೆಂಬ ಅವನ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ ಕೂಡ. ಆದರೂ ನಾಯಿಯನ್ನು ಮುಚ್ಚಿಡುವುದಿಲ್ಲ. ಹೇಳಿದ ಮೇಲೆ ಕೆಲವರು ಸುಮ್ನೆ ಕಾಲೇಬನ ಜೊತೆಗಾರ ಯೆಹೋಶುವನ ಹೆಸರು ಇಟ್ಟುಕೊಳ್ಳುತ್ತಾರೆ.