ಬಟ್ಟೆಯ ಮೇಲೆ ಬಟ್ಟೆ ಇಟ್ಟ ದಿನ

ನಾನು ಆಂಬುಲೆನ್ಸ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಲೋಹ ಕತ್ತರಿಸುವ ಯಂತ್ರದ ಚಕ್ರ ಸಿಡಿದು ಕೆಲಸಗಾರರೊಬ್ಬರ ತೊಡೆಸಂದಿಯಲ್ಲಿ ಆಳವಾದ ಗಾಯವಾಗಿತ್ತು. ಕೈಗವಸು ತೊಟ್ಟು, ಗಾಯದ ಮೇಲೆ ಗಾಜ್ ಬಟ್ಟೆಯಿಟ್ಟು ಒತ್ತಿದೆ. ಅದು ತೊಯ್ದಾಗ ಮತ್ತೊಂದು, ಅದೂ ತೊಯ್ದಾಗ ಮಗದೊಂದು ಇಟ್ಟೆನೇ ಹೊರತು ರಕ್ತ ನಿಲ್ಲಲಿಲ್ಲ. "ಎಲ್ಲಿಂದ ಬರುತ್ತಿದೆ ಎಂದು ನೋಡಿದೆಯೇನಪ್ಪಾ?" ಎಂದು ಹಿರಿಯ ಸಹೋದ್ಯೋಗಿ ಕೇಳಿದಾಗಲೇ ನನ್ನ ತಪ್ಪು ಅರಿವಾದದ್ದು.

ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ಅಪಧಮನಿ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಬಟ್ಟೆಯ ರಾಶಿ ಏರಿದಷ್ಟೂ ಒತ್ತಡ ಹರಡಿಹೋಗಿ ರಕ್ತನಾಳವನ್ನು ತಲುಪುವುದಿಲ್ಲ. ಆದ್ದರಿಂದ ಎಲ್ಲವನ್ನೂ ತೆಗೆದು, ರಕ್ತ ಉಕ್ಕುತ್ತಿದ್ದ ಬಿಂದುವನ್ನು ಬೆರಳಿನಿಂದ ಹುಡುಕಿ ಒತ್ತಿಹಿಡಿದು, ಆ ಬೆರಳು ಸಡಿಲಿಸದೆಯೇ ಗಾಜ್ ಬಟ್ಟೆಯನ್ನು ಗಾಯದೊಳಕ್ಕೆ ತುರುಕುತ್ತಾ ಹೋದೆ. ಗಾಯ ತುಂಬಿದ ಮೇಲೆ ಮೊಣಕೈ ಮಡಿಸದೆ, ಎರಡೂ ಅಂಗೈಗಳಿಂದ ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಅವರು ನೋವಿನಿಂದ ಕೂಗುತ್ತಿದ್ದರೂ ಒತ್ತಡ ಕಡಿಮೆ ಮಾಡುವಂತಿರಲಿಲ್ಲ. ಹೀಗೆ ತುಂಬುವುದು ಕೈಕಾಲು, ತೊಡೆಸಂದಿ, ಕಂಕುಳಿನಂಥ ಕಡೆಯ ಗಾಯಗಳಿಗೆ. ಎದೆ ಅಥವಾ ಹೊಟ್ಟೆಯ ಗಾಯದೊಳಗೆ ಏನನ್ನೂ ತುರುಕಬಾರದು. ಚುಚ್ಚಿಕೊಂಡ ವಸ್ತುವಿದ್ದರೆ ಅದನ್ನು ಕೀಳದೆ ಅದರ ಇಕ್ಕೆಲಗಳಲ್ಲಿ ಒತ್ತಬೇಕು.

ಗಾಯ ಕಾಲಿನಲ್ಲಿ ಇನ್ನಷ್ಟು ಕೆಳಗಿದ್ದಿದ್ದರೆ ಟೂರ್ನಿಕೆಟ್, ಅಂದರೆ ಕೈಕಾಲಿಗೆ ಸುತ್ತಿ ಬಿಗಿಸಿ ರಕ್ತದ ಹರಿವನ್ನು ತಡೆಯುವ ಪಟ್ಟಿ, ಕಟ್ಟುತ್ತಿದ್ದೆ. ಅದನ್ನು ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಮೊಣಕಾಲು ಮೊಣಕೈಗಳ ಕೀಲನ್ನು ಬಿಟ್ಟು ಕಟ್ಟಿ, ರಕ್ತ ಪೂರ್ತಿ ನಿಲ್ಲುವವರೆಗೆ ತಿರುಚಿ ಬಿಗಿಸಿ, ಕಟ್ಟಿದ ಸಮಯವನ್ನು ಬರೆದಿಡುತ್ತೇನೆ. ಕನಿಕರಪಟ್ಟು ಅರೆಬರೆ ಬಿಗಿಸಿದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳಷ್ಟೇ ಮುಚ್ಚಿ, ಅಪಧಮನಿ ತೆರೆದೇ ಉಳಿದು ರಕ್ತಸ್ರಾವ ಹೆಚ್ಚಾಗುವ ಅಪಾಯವಿದೆ. ಒಮ್ಮೆ ಬಿಗಿಸಿದ ಪಟ್ಟಿಯನ್ನು ಸಡಿಲಿಸುವುದು ಆಸ್ಪತ್ರೆಯವರ ಕೆಲಸ. ತೆಳ್ಳನೆಯ ಹಗ್ಗ, ತಂತಿಗಳನ್ನು ಕಟ್ಟಿ ತಂದದ್ದನ್ನೂ ಕಂಡಿದ್ದೇನೆ. ಅವು ಚರ್ಮ, ನರಗಳಿಗೆ ಹಾನಿ ಮಾಡುತ್ತವೆ.

ಅಂದು ನಾನು ಒತ್ತುತ್ತಿದ್ದಾಗ ಸಹೋದ್ಯೋಗಿ ಗಾಯಾಳು ತೊಟ್ಟಿದ್ದ ಒದ್ದೆ ಬಟ್ಟೆ ಕತ್ತರಿಸಿ ತೆಗೆದು ಕಂಬಳಿ ಹೊದಿಸಿದರು, ಏಕೆಂದರೆ ದೇಹ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ಕುಂಠಿತವಾಗುತ್ತದೆ. ಔಷಧ ಲೇಪಿಸದ ಸಾದಾ ಗಾಜ್ ಬಟ್ಟೆಯಾದ್ದರಿಂದ ಕನಿಷ್ಠ 10 ನಿಮಿಷ ಎತ್ತಿ ನೋಡದೆ ಒತ್ತಬೇಕಿತ್ತು. ನನ್ನ ಲೆಕ್ಕದಲ್ಲಿ ಆ ಹೊತ್ತು ಕಳೆದೇ ಹೋಗಿತ್ತು. ಗಡಿಯಾರ ನೋಡಿದ ಸಹೋದ್ಯೋಗಿ ಆಗಿರುವುದು ಮೂರೇ ನಿಮಿಷ ಎಂದರು. ಅಂದಿನಿಂದ ಒತ್ತಲು ಶುರುಮಾಡುವಾಗಲೇ ಪಕ್ಕದಲ್ಲಿರುವವರಿಗೆ ಗಡಿಯಾರ ನೋಡಿ ನಿಮಿಷಗಳನ್ನು ಕೂಗಿ ಹೇಳಲು ಕೇಳಿಕೊಳ್ಳುತ್ತೇನೆ.