ಸೋರಿಕೆ ತಡೆಯಲು ಹೊರಟು ಪೇಟೆಂಟ್ ಪಡೆದ ಬಗೆ: ನನ್ನ ಅನುಭವ

ನಾವು ತಯಾರಿಸಬೇಕಿದ್ದದ್ದು ಡಿಎನ್‌ಎಯನ್ನು ಕತ್ತರಿಸುವ ಒಂದು ಕಿಣ್ವ. ಅದನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸುವುದೆಂದರೆ, ತನ್ನ ವಂಶವಾಹಿಗಳನ್ನೇ ತುಂಡರಿಸುವ ಆಯುಧವನ್ನು ಆ ಜೀವಕೋಶದ ಕೈಯಿಂದಲೇ ಮಾಡಿಸಿದಂತೆ. ಮೊದಲ ಸಲ ಪ್ಲಾಸ್ಮಿಡ್, ಅಂದರೆ ಕಿಣ್ವದ ಜೀನನ್ನು ಹೊತ್ತ ಪುಟ್ಟ ಡಿಎನ್‌ಎ ಉಂಗುರ, ಸೇರಿಸಿದ ಮರುದಿನ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಕಂಡದ್ದು ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮತ್ತು ಅವುಗಳ ನಡುವೆ ದುಂಡಗೆ ಬೆಳೆದಿದ್ದ ಮೂರು ದೊಡ್ಡ ಕಾಲೊನಿಗಳು. ಸಹಜವಾಗಿಯೇ ಸಂತೋಷದಿಂದ ಆ ಮೂರನ್ನೇ ಆರಿಸಿಕೊಂಡು ಡಿಎನ್‌ಎ ಅಕ್ಷರಗಳ ಅನುಕ್ರಮ ಓದಿಸಿದೆವು. ಮೂರರಲ್ಲೂ ನಮ್ಮ ಜೀನ್ ಹಾಳಾಗಿತ್ತು. ಒಂದರಲ್ಲಿ ಒಂದೇ ಒಂದು ಅಕ್ಷರ ಬಿದ್ದುಹೋಗಿ, ಅಲ್ಲಿಂದ ಮುಂದಿನ ಓದೆಲ್ಲ ಪಲ್ಲಟವಾಗಿತ್ತು. ಕಿಣ್ವವನ್ನು ಮುರಿದುಕೊಂಡ ಜೀವಕೋಶಗಳಷ್ಟೇ ಚೆನ್ನಾಗಿ ಬೆಳೆದಿದ್ದವು.

ಇದಕ್ಕೆ ಕಾರಣವಾದ ದೋಷವನ್ನು ಈ ಕೆಲಸದಲ್ಲಿರುವವರು ಸೋರಿಕೆ ಎನ್ನುತ್ತಾರೆ. ವಿಲಿಯಂ ಸ್ಟುಡಿಯರ್ ಅವರು ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ರೂಪಿಸಿ, 1986ರಲ್ಲಿ ಬಾರ್ಬರಾ ಮಾಫಟ್ ಅವರೊಂದಿಗೆ ಪ್ರಕಟಿಸಿದ ಟಿ7 ವ್ಯವಸ್ಥೆಯನ್ನೇ ಪ್ರೋಟೀನ್ ತಯಾರಿಸುವ ಬಹುಪಾಲು ಜನ ಇಂದಿಗೂ ಬಳಸುತ್ತಾರೆ. ಅದರ ಪೇಟೆಂಟ್‌ನ ಅವಧಿ ಮುಗಿದು ಬಹಳ ಕಾಲವಾಗಿದೆ. ಐಪಿಟಿಜಿ ಎಂಬ ರಾಸಾಯನಿಕವನ್ನು ಸೇರಿಸಿದಾಗ ಟಿ7 ಪಾಲಿಮರೇಸ್ ಎಂಬ ವೈರಸ್ ಮೂಲದ ಕಿಣ್ವ ತಯಾರಾಗಿ ನಮ್ಮ ಜೀನನ್ನು ಓದಿ ಅದರ ಎಂಆರ್‌ಎನ್‌ಎ ಪ್ರತಿ ಮಾಡಬೇಕು, ಸೇರಿಸದಿದ್ದರೆ ಸುಮ್ಮನಿರಬೇಕು ಎಂಬುದು ಏರ್ಪಾಡು. ಆದರೆ ಸೇರಿಸದಿದ್ದರೂ ಸ್ವಲ್ಪ ಪಾಲಿಮರೇಸ್ ತಯಾರಾಗುತ್ತಲೇ ಇರುತ್ತದೆ. ಸಾಮಾನ್ಯ ಪ್ರೋಟೀನಿಗೆ ಅದರಿಂದ ತೊಂದರೆಯಿಲ್ಲ. ವಿಷಕಾರಿ ಪ್ರೋಟೀನಿಗೆ ಅಷ್ಟೇ ಸಾಕು. ಟಿ7 ಲೈಸೋಜೈಮ್‌ನಿಂದ ಪಾಲಿಮರೇಸನ್ನು ತಡೆಹಿಡಿಯುವ ಪರಿಚಿತ ಉಪಾಯದಿಂದ ಸೋರಿಕೆ ಕಡಿಮೆಯಾಯಿತೇ ಹೊರತು ನಮ್ಮ ಕಿಣ್ವದ ಮಟ್ಟಿಗೆ ಸಾಕಾಗಲಿಲ್ಲ.

ಆಗ ನಮಗೆ ಹೊಳೆದದ್ದು, ಡಿಎನ್‌ಎ ಮಟ್ಟದ ಬೀಗದ ಜೊತೆಗೆ ಎಂಆರ್‌ಎನ್‌ಎ ಮಟ್ಟದಲ್ಲೂ ಇನ್ನೊಂದು ಬೀಗ ಹಾಕಬೇಕೆಂಬುದು. ಎಂಆರ್‌ಎನ್‌ಎಯನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಬಂದು ಕೂರುವ ಜಾಗದಲ್ಲಿ ಎ-ಜಿ-ಜಿ-ಎ-ಜಿ-ಜಿ ಎಂಬ ಅನುಕ್ರಮ ಇರುತ್ತದೆ. ಅದೇ ಎಳೆಯ ಮುಂದಿನ ಭಾಗದಲ್ಲಿ ಅದಕ್ಕೆ ಜೊತೆಯಾಗುವ ಅಕ್ಷರಗಳಿದ್ದರೆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ, ರೈಬೋಸೋಮಿಗೆ ಜಾಗ ಸಿಗುವುದಿಲ್ಲ. 28 ಡಿಗ್ರಿಯಲ್ಲಿ ಮುಚ್ಚಿಕೊಂಡಿದ್ದು 37 ಡಿಗ್ರಿಗೆ ಬಿಚ್ಚಿಕೊಳ್ಳುವಷ್ಟೇ ಗಟ್ಟಿಯಾಗಿ ಆ ಮಡಿಕೆ ಇರಬೇಕು. ಹಾಗಾದರೆ ಬ್ಯಾಕ್ಟೀರಿಯಾವನ್ನು ತಂಪಿನಲ್ಲಿ ನೆಮ್ಮದಿಯಾಗಿ ಬೆಳೆಸಿ, ಬೇಕಾದಾಗ ಶಾಖವನ್ನೂ ಐಪಿಟಿಜಿಯನ್ನೂ ಒಟ್ಟಿಗೆ ಕೊಡಬಹುದು. ಎರಡು ಬೀಗಗಳೂ ಸ್ವತಂತ್ರವಾಗಿದ್ದರೆ ಉಳಿಯುವ ಸೋರಿಕೆ ಎರಡೂ ಸೋರಿಕೆಗಳ ಗುಣಲಬ್ಧ: ನೂರರಲ್ಲೊಂದು ಪಾಲಿನ ನೂರರಲ್ಲೊಂದು ಪಾಲು.

ಮಡಿಕೆಗಾಗಿ ಹೊರಗಿನ ಅನುಕ್ರಮವನ್ನು ಜೀನಿನೊಳಗೆ ತುರುಕಿದರೆ ಪ್ರೋಟೀನಿನ ತುದಿಗೆ ಬೇಡದ ಅಮೈನೋ ಆಮ್ಲಗಳು ಅಂಟಿಕೊಳ್ಳುತ್ತವೆ. ಅದು ಬೇಡವೆಂದಾದರೆ ಜೀನಿನ ಮೊದಲ ಕೆಲವು ಕೋಡಾನ್‌ಗಳೇ (ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದಗಳೇ) ಮಡಿಕೆಯ ಎರಡನೆಯ ತೋಳಾಗಬೇಕು. ಪ್ರೋಟೀನನ್ನು ಬದಲಿಸದೆ ಅದರ ಕಾಗುಣಿತವನ್ನಷ್ಟೇ ಬದಲಿಸಲು ಸಾಧ್ಯವಿದೆ, ಏಕೆಂದರೆ ಲ್ಯೂಸಿನ್, ಸೆರಿನ್, ಆರ್ಜಿನಿನ್‌ಗಳಿಗೆ ತಲಾ 6 ಕೋಡಾನ್‌ಗಳಿವೆ. ಇಕ್ಕಟ್ಟಿರುವುದು ಒಂದೊಂದೇ ಕೋಡಾನ್ ಇರುವ ಮೆಥಿಯೋನಿನ್ ಮತ್ತು ಟ್ರಿಪ್ಟೋಫ್ಯಾನ್‌ಗಳಲ್ಲಿ. ಆರ್‌ಎನ್‌ಎಯಲ್ಲಿ ಜಿ ಅಕ್ಷರವು ಸಿ ಜೊತೆಗಷ್ಟೇ ಅಲ್ಲದೆ ದುರ್ಬಲವಾಗಿಯಾದರೂ ಯು ಜೊತೆಗೂ ಕೂಡಿಕೊಳ್ಳುತ್ತದೆ. ನಮ್ಮ ಪಾಲಿಗೆ ಇದು ದೊಡ್ಡ ಅನುಕೂಲವಾಯಿತು, ಏಕೆಂದರೆ ಒಂದು ಸಿಯನ್ನು ಯು ಮಾಡಿದರೆ ಮಡಿಕೆ ಸಡಿಲವಾಗುತ್ತದೆ, ಯುವನ್ನು ಸಿ ಮಾಡಿದರೆ ಬಿಗಿಯಾಗುತ್ತದೆ. ಈ ಬಿಗಿತ ಹೊಂದಿಸುವ ಕೆಲಸದಲ್ಲಿ ನಾವು ಹಲವು ತಿಂಗಳು ಕಳೆದೆವು. ಒಂದು ದಿನ ಶೇಕರ್ ತೆರೆದಾಗ 28 ಡಿಗ್ರಿಯ ಫ್ಲಾಸ್ಕ್‌ಗಳಲ್ಲಿ ಒಂದು ಮಾತ್ರ, ಖಾಲಿ ಪ್ಲಾಸ್ಮಿಡ್ ಇದ್ದ ಫ್ಲಾಸ್ಕಿನಷ್ಟೇ ದಟ್ಟವಾಗಿ ಮಬ್ಬಾಗಿ ನಿಂತಿತ್ತು. ಅದರಲ್ಲಿದ್ದದ್ದು 9 ಜೋಡಿಗಳ ಮಡಿಕೆ. ಅದೇ ಮಧ್ಯಾಹ್ನ ಅದಕ್ಕೆ ಶಾಖವನ್ನೂ ಐಪಿಟಿಜಿಯನ್ನೂ ಕೊಟ್ಟು, ಸಂಜೆ ಜೆಲ್ ಓಡಿಸಿ ಬಣ್ಣ ತೊಳೆಯುತ್ತಿದ್ದಂತೆ, ಇರಬೇಕಾದ ಎತ್ತರದಲ್ಲಿಯೇ ನೀಲಿ ಪಟ್ಟಿ ನಿಧಾನವಾಗಿ ಮೂಡಿಬಂತು.

ಇಷ್ಟಾದ ಮೇಲೆ ನಮ್ಮ ಆವಿಷ್ಕಾರ ಏನೆಂದು ನನಗೆ ಗೊತ್ತಿದೆ ಎಂದೇ ನಂಬಿದ್ದೆ. ಅದು ತಪ್ಪು ನಂಬಿಕೆ ಎಂಬುದು ಕ್ಲೇಮ್, ಅಂದರೆ ಪೇಟೆಂಟ್‌ನಲ್ಲಿ ಕೋರುವ ಹಕ್ಕಿನ ವ್ಯಾಪ್ತಿ, ಬರೆಯಲು ಕುಳಿತಾಗ ತಿಳಿಯಿತು.

ಅದಕ್ಕೂ ಮೊದಲು ಒಂದು ಅಪಾಯದಿಂದ ಪಾರಾದ ಸಂಗತಿಯನ್ನು ಹೇಳಬೇಕು. ನಮ್ಮ ತಂಡದಿಂದ ಒಂದು ಸಮ್ಮೇಳನಕ್ಕೆ ಪೋಸ್ಟರಿನ ಸಾರಾಂಶ ಹೋಗಿತ್ತು. ಅದನ್ನು ಕಳುಹಿಸಲು ಒಪ್ಪಿದವನೂ ನಾನೇ. ಅದರಲ್ಲಿ ಮಡಿಕೆಯ ವಿನ್ಯಾಸ ಪೂರ್ತಿಯಾಗಿ ಇತ್ತು. ಹೆಚ್ಚಿನ ದೇಶಗಳ ಕಾನೂನಿನಲ್ಲಿ ಅರ್ಜಿಗೆ ಮೊದಲು ಯಾವ ರೂಪದಲ್ಲಿ ಬಹಿರಂಗಪಡಿಸಿದರೂ ನವೀನತೆ ಹೋಯಿತೆಂದೇ ಅರ್ಥ. ಡಿಎನ್‌ಎ ಜೋಡಣೆಯ ಮೂಲ ಪೇಟೆಂಟ್‌ಗೂ ಹೀಗೆಯೇ ಆಗಿತ್ತು: ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಅವರ ಪ್ರಬಂಧ 1973ರ ನವೆಂಬರಿನಲ್ಲಿ ಪ್ರಕಟವಾಯಿತು, ಅರ್ಜಿ ಸಲ್ಲಿಕೆಯಾದದ್ದು 1974ರ ನವೆಂಬರ್ 4ರಂದು. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದ್ದುದರಿಂದ ಅಲ್ಲಿ ಪೇಟೆಂಟ್ ದೊರೆಯಿತು, ಬೇರೆ ದೇಶಗಳ ಹಕ್ಕು ಕೈತಪ್ಪಿತು. ನಮ್ಮ ಸಾರಾಂಶ ಪ್ರಕಟವಾಗಲು ಎರಡು ದಿನ ಇರುವಾಗ ನಾವು ತಾತ್ಕಾಲಿಕ ಅರ್ಜಿಯನ್ನು ಸಲ್ಲಿಸಿದೆವು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಪೂರ್ಣ ಅರ್ಜಿಗೆ 12 ತಿಂಗಳ ಕಾಲಾವಕಾಶ ಇತ್ತು. ಅರ್ಜಿಯ ಜೊತೆಗಿನ ಡಿಎನ್‌ಎ, ಆರ್‌ಎನ್‌ಎ ಅನುಕ್ರಮಗಳ ಪಟ್ಟಿಯನ್ನು 2022ರ ಜುಲೈ 1ರಿಂದ ಜಾರಿಗೆ ಬಂದ ಎಸ್‌ಟಿ.26 ಮಾನದಂಡದಂತೆ ಎಕ್ಸ್‌ಎಂಎಲ್ ರೂಪದಲ್ಲಿ ಕೊಡಬೇಕು. ಅದರಲ್ಲಿ ಆರ್‌ಎನ್‌ಎಯ ಯು ಅಕ್ಷರವನ್ನೂ ಟಿ ಎಂದೇ ಬರೆಯಬೇಕು, ಮತ್ತು ನಿರ್ದಿಷ್ಟವಾದ 10 ನ್ಯೂಕ್ಲಿಯೋಟೈಡ್‌ಗಳಿಗಿಂತ ಚಿಕ್ಕ ಅನುಕ್ರಮವನ್ನು ಪಟ್ಟಿಯಲ್ಲಿ ಸೇರಿಸುವಂತಿಲ್ಲ. ನಮ್ಮ ಆವಿಷ್ಕಾರದ ಜೀವಾಳವಾದ ತೋಳಿಗೆ ಇದ್ದದ್ದು 9 ಅಕ್ಷರ! ಆದ್ದರಿಂದ ತೋಳುಗಳನ್ನೂ ನಡುವಿನ ಕುಣಿಕೆಯನ್ನೂ ಸೇರಿಸಿ ಇಡೀ ಮಡಿಕೆಯನ್ನು ಪಟ್ಟಿಗೆ ಹಾಕಿ, ತೋಳನ್ನು ವಿವರಣೆಯ ಪಠ್ಯದಲ್ಲಿ ಬರೆದೆವು.

ಕ್ಲೇಮ್‌ನ ಮೊದಲ ಕರಡಿನಲ್ಲಿ ನಾನು ‘ಯಾವುದೇ ಪ್ರೋಟೀನ್’ ಎಂದು ಬರೆದಿದ್ದೆ. ನಮ್ಮ ಪೇಟೆಂಟ್ ವಕೀಲರು ಅದನ್ನು ಓದಿ, ‘ನಿಮ್ಮ ವಿಧಾನ ಎಷ್ಟು ಜೀನ್‌ಗಳಲ್ಲಿ ವಿಫಲವಾಗಿದೆ, ಸರ್?’ ಎಂದು ಕೇಳಿದರು. ಗೆಲುವುಗಳನ್ನು ಕೇಳುತ್ತಾರೆಂದು ನಾನು ಸಿದ್ಧನಾಗಿ ಹೋಗಿದ್ದೆ. 11 ಜೀನ್‌ಗಳಲ್ಲಿ 7 ಸಫಲವಾಗಿದ್ದವು, 4 ವಿಫಲವಾಗಿದ್ದವು. ವಿಫಲವಾದವುಗಳನ್ನು ನಾವು ಪ್ರಯೋಗದ ಪುಸ್ತಕದಲ್ಲಿ ಬರೆದಿಟ್ಟು ಮರೆತಿದ್ದೆವು. ಆ ಪುಟಗಳನ್ನು ಮತ್ತೆ ತೆರೆದು ನಾಲ್ಕೂ ಜೀನ್‌ಗಳ ಆರಂಭವನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಕಾರಣ ಸ್ಪಷ್ಟವಾಯಿತು. ಅವೆಲ್ಲ ಗ್ಲೈಸಿನ್, ಲೈಸಿನ್, ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲಗಳಿಂದ ತುಂಬಿದ್ದವು. ಈ ನಾಲ್ಕರ ಕೋಡಾನ್‌ಗಳಲ್ಲೂ ಮೊದಲ ಎರಡು ಅಕ್ಷರಗಳು ಎ ಅಥವಾ ಜಿ, ಅಂದರೆ ಪ್ಯೂರಿನ್‌ಗಳು. ರೈಬೋಸೋಮ್ ಕೂರುವ ಜಾಗವೂ ಪೂರ್ತಿ ಪ್ಯೂರಿನ್. ಪ್ಯೂರಿನ್‌ಗೆ ಪ್ಯೂರಿನ್ ಜೊತೆಯಾಗುವುದಿಲ್ಲ, ಕಾಗುಣಿತವನ್ನು ಎಷ್ಟು ಬದಲಿಸಿದರೂ ಮಡಿಕೆ ಕಟ್ಟುವುದಿಲ್ಲ. ಸಫಲವಾದ ಏಳರಲ್ಲೂ ಮೊದಲ 8 ಕೋಡಾನ್‌ಗಳೊಳಗೆ ಲ್ಯೂಸಿನ್, ಸೆರಿನ್, ಪ್ರೋಲಿನ್ ಅಥವಾ ಫಿನೈಲ್‌ಅಲನಿನ್‌ಗಳಲ್ಲಿ ಯಾವುವಾದರೂ ಎರಡು ಅಕ್ಕಪಕ್ಕದಲ್ಲಿ ಇದ್ದವು. ನಮ್ಮ ಆವಿಷ್ಕಾರದ ಗಡಿ ಅದಾಗಿತ್ತು, ಮತ್ತು ಅದನ್ನು ಗುರುತಿಸಿ ಕೊಟ್ಟದ್ದು ಕೈಕೊಟ್ಟ ಆ ನಾಲ್ಕು ಪ್ರಯೋಗಗಳು.

ಪರೀಕ್ಷಕರ ಆಕ್ಷೇಪಣೆ ಬಂದಾಗ ಇದರ ಬೆಲೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಇ. ಕೋಲೈನ ಆರ್‌ಪಿಒಎಚ್ ಎಂಬ ಜೀನಿನ ಎಂಆರ್‌ಎನ್‌ಎಯಲ್ಲಿ, ಜೀನಿನ ಒಳಭಾಗವೇ ಮಡಚಿಕೊಂಡು ಆರಂಭದ ಜಾಗವನ್ನು ಮುಚ್ಚಿಕೊಂಡಿದ್ದು ಶಾಖಕ್ಕೆ ಬಿಚ್ಚಿಕೊಳ್ಳುತ್ತದೆ ಎಂಬುದು ಹಿಂದೆಯೇ ಪ್ರಕಟವಾಗಿದೆ, ಅದನ್ನು ಟಿ7 ವ್ಯವಸ್ಥೆಗೆ ಸೇರಿಸುವುದು ಈ ವಿಷಯ ಬಲ್ಲ ಯಾರಿಗಾದರೂ ಹೊಳೆಯಬಹುದಾದದ್ದು ಎಂದು ಅವರು ಬರೆದಿದ್ದರು. ಆಕ್ಷೇಪಣೆ ನ್ಯಾಯವಾಗಿಯೇ ಇತ್ತು. ಪ್ರಕೃತಿಯಲ್ಲಿ ಒಂದು ಜೀನಿಗೆ ಇರುವ ಗುಣವನ್ನು ಬೇರೆ ಜೀನ್‌ಗಳಿಗೆ ಅಮೈನೋ ಆಮ್ಲ ಬದಲಿಸದೆ ತರುವ ನಿಯಮ ಆ ದಾಖಲೆಗಳಲ್ಲಿ ಎಲ್ಲೂ ಇಲ್ಲ ಎಂಬುದೇ ನಮ್ಮ ಉತ್ತರವಾಗಿತ್ತು. ಆ ನಿಯಮ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಹನ್ನೊಂದೂ ಜೀನ್‌ಗಳ ಫಲಿತಾಂಶವನ್ನು ಮುಂದಿಟ್ಟು ತೋರಿಸಿದೆವು. ‘ಯಾವುದೇ ಪ್ರೋಟೀನ್’ ಎಂಬುದನ್ನು ಉಳಿಸಿಕೊಂಡಿದ್ದರೆ, ಕೋರಿದ ವ್ಯಾಪ್ತಿಯಷ್ಟನ್ನೂ ಮಾಡಿ ತೋರಿಸಿದ್ದೀರಾ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಆಮ್ಜೆನ್ ಮತ್ತು ಸನೋಫಿ ನಡುವಿನ ಪ್ರತಿಕಾಯಗಳ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಮ್ಜೆನ್‌ನ ವಿಶಾಲ ಕ್ಲೇಮ್‌ಗಳನ್ನು ಎತ್ತಿಹಿಡಿಯದೆ ಬಿಟ್ಟದ್ದು ಇದೇ ಪ್ರಶ್ನೆಯ ಮೇಲೆ.

37 ಡಿಗ್ರಿಯಲ್ಲಿ ಸರಿಯಾಗಿ ಮಡಚಿಕೊಳ್ಳದೆ ಗಡ್ಡೆಕಟ್ಟುವ ಪ್ರೋಟೀನ್‌ಗಳಿಗೆ ಈ ವಿಧಾನ ಹೊಂದುವುದಿಲ್ಲ ಎಂಬುದನ್ನೂ ವಿವರಣೆಯಲ್ಲಿ ಬರೆದಿದ್ದೇವೆ. ಅಂಥವುಗಳನ್ನು ಸಾಮಾನ್ಯವಾಗಿ 18 ಡಿಗ್ರಿಯಷ್ಟು ತಂಪಿನಲ್ಲಿ ತಯಾರಿಸುತ್ತಾರೆ, ಅಲ್ಲಿ ನಮ್ಮ ಬೀಗ ತೆರೆಯುವುದೇ ಇಲ್ಲ. ಕಾಗುಣಿತ ಬದಲಿಸುವ ಯೋಚನೆಯನ್ನು ಮೊದಲು ಹೇಳಿದವಳು ನಮ್ಮ ಕಿರಿಯ ಸಂಶೋಧಕಿ. ಆವಿಷ್ಕಾರಕರ ಪಟ್ಟಿಯಲ್ಲಿ ಅವಳ ಹೆಸರು ಮೊದಲನೆಯದು.

ಪೇಟೆಂಟ್ ದೊರೆತದ್ದು ಎರಡು ಕೋಡಾನ್‌ಗಳ ಆ ಷರತ್ತಿನೊಂದಿಗೆ. ಗಡಿಯಿಂದ ಹೊರಗುಳಿದ ನಾಲ್ಕು ಜೀನ್‌ಗಳನ್ನು ನಾವು ಬಿಟ್ಟಿಲ್ಲ. ಅವುಗಳಲ್ಲಿ ಒಂದು ಈಗ 28 ಡಿಗ್ರಿಯ ಶೇಕರಿನಲ್ಲಿದೆ. ಅದಕ್ಕೆ ಎಂಥ ಮಡಿಕೆ ಹಾಕಿದ್ದೇವೆ ಎಂಬುದನ್ನು, ಅರ್ಜಿ ದಾಖಲಾಗುವವರೆಗೆ, ಇಲ್ಲಿ ಬರೆಯುವಂತಿಲ್ಲ.